ನಯಾಜ್ ಭಾಯ್ ಸೇರಿಸುತ್ತಿದ್ದ ಒಂದು ಸಾಲು

ಏನನ್ನೇ ಪಡೆಯುವ ಮೊದಲು, ತಮ್ಮಿಂದ ಎಷ್ಟು ತೆಗೆದುಕೊಳ್ಳಲು ಆಗುತ್ತದೆ ಎಂದು ನಯಾಜ್ ಭಾಯ್ ಹೇಳಿಬಿಡುತ್ತಿದ್ದರು. ಹೋಟೆಲಿಗೆ ಕಾಲಿಡುವಾಗಲೇ "ಅರ್ಧ ಲೋಟ ಟೀ ಕಣಪ್ಪ, ಸಕ್ಕರೆ ಕಮ್ಮಿ" ಎನ್ನುವರು. ಹೋಟೆಲಿನ ಶಿವಣ್ಣ ದಿನವೂ ತುಂಬಿದ ಲೋಟವನ್ನೇ ತಂದಿಡುತ್ತಿದ್ದ. "ಸಾಬ್ರೇ, ಅರ್ಧಕ್ಕೆ ನಮ್ಮತ್ರ ಲೋಟ ಇಲ್ಲ."

ತಿಪಟೂರಿನ ಕೊಬ್ಬರಿ ಮಾರುಕಟ್ಟೆಯ ರಸ್ತೆಯಲ್ಲಿ ಅವರ ಸೈಬರ್ ಸೆಂಟರ್. ಪಕ್ಕದಲ್ಲಿ ನನ್ನ ಜೆರಾಕ್ಸ್ ಅಂಗಡಿ. ರೇಡಿಯೋ ರಿಪೇರಿ ಬಿಟ್ಟು ಕಂಪ್ಯೂಟರಿಗೆ ಬಂದವರು ಅವರು. ಫೋನಿನ ತಂತಿಯಲ್ಲಿ ಬರುತ್ತಿದ್ದ ಇಂಟರ್ನೆಟ್ ತೀರ ನಿಧಾನ. ಪುಟಗಳನ್ನು ತರಿಸಲು ತಾವೇ ಒಂದು ಸಣ್ಣ ಪ್ರೋಗ್ರಾಂ ಬರೆದುಕೊಂಡಿದ್ದರು. ಪುಟ ಕೇಳುವಾಗ ಅದು ಆಚೆಯ ಕಂಪ್ಯೂಟರಿಗೆ ಒಂದು ಸಾಲನ್ನು ಹೆಚ್ಚಿಗೆ ಕಳಿಸುತ್ತಿತ್ತು. ಅದೇನೆಂದು ನಾನು ಕೇಳಿದಾಗ ನಯಾಜ್ ಭಾಯ್ ವಿವರಿಸಿದರು:

"ತುಂಡು ತುಂಡಾಗಿ ಕಳ್ಸು ಅಂತ ಹೇಳೋದೇ ಬ್ಯಾಡ, ಸಿದ್ದಣ್ಣ. ಅದನ್ನ ಎಲ್ರೂ ತಗೊಳ್ಳಲೇಬೇಕು. ಪ್ರತಿ ತುಂಡಿನ ಮುಂದೆ ಅದರ ಅಳತೆ ಬತ್ತದೆ. ಸೊನ್ನೆ ಬಂತು ಅಂದ್ರೆ ಮುಗೀತು. ಆದ್ರೆ ದಾರೀಲಿ ಕುಗ್ಗಿಸಿ ಸಾಗ್ಸು ಅನ್ನೋಕೆ ನಾವೇ ಮುಂಚೆ ಹೇಳ್ಬೇಕು, ನನ್ ಕೈಲಿ ಬಿಚ್ಚೋಕಾಯ್ತದೆ ಅಂತ. ಕಾಯಿ ಸುಲಿದು ಕಳ್ಸಿ ಅಂದಂಗೆ."

"ಕಳಿಸ್ತಾರಾ?"

"ಇದುವರ್ಗೂ ಒಬ್ರೂ ಇಲ್ಲ ಬುಡಿ. ಸಿಪ್ಪೆ ಸಮೇತಾನೇ ಬತ್ತದೆ."

"ಮತ್ಯಾಕ್ರೀ ಆ ಸಾಲು?"

"ಕೇಳ್ದೇ ಇದ್ರೆ ತಪ್ಪು ನಮ್ದಾಯ್ತದೆ ಕಣ್ರೀ."

ಅವರಿಗೆ ಗಂಟಲಲ್ಲಿ ಗಡ್ಡೆಯಾದಾಗ ಬೆಂಗಳೂರಿನ ಆಸ್ಪತ್ರೆಗೆ ನಾನೂ ಜೊತೆಗೆ ಹೋದೆ. ಡಾಕ್ಟರು ವರದಿಯನ್ನು ತೆರೆಯುವ ಮೊದಲೇ ನಯಾಜ್ ಭಾಯ್ ಹೇಳಿದರು: "ಸಾರ್, ಎಲ್ಲಾ ಒಂದೇ ಸಲ ಹೇಳ್ಬೇಡಿ. ಸ್ವಲ್ಪ ಸ್ವಲ್ಪ ಹೇಳಿ. ಕನ್ನಡದಲ್ಲಿ."

ಡಾಕ್ಟರು ತಲೆಯಾಡಿಸಿದರು. ಆಮೇಲೆ ಇಂಗ್ಲಿಷಿನಲ್ಲಿ, ಒಂದೇ ಉಸಿರಿಗೆ, ಎಲ್ಲವನ್ನೂ ಹೇಳಿದರು. ನಯಾಜ್ ಭಾಯ್‌ಗೆ ಇಂಗ್ಲಿಷ್ ಅರ್ಥವಾಗುತ್ತಿತ್ತು. ಆ ದಿನ ಅರ್ಥವಾಗದಿದ್ದರೆ ಒಳ್ಳೆಯದಾಗುತ್ತಿತ್ತು.

ಹೊರಗೆ ಬೆಂಚಿನ ಮೇಲೆ ಕುಳಿತೆವು. "ಕೇಳಿದ್ದೆ ಕಣ್ರೀ," ಎಂದರು. ಆಮೇಲೆ "ಶಿವಣ್ಣನ ಲೋಟ," ಎಂದು ನಕ್ಕರು.

ಕೊನೆಕೊನೆಗೆ ಅವರ ಮಾತು ನಿಂತಿತು. ಹೆಂಡತಿ ಶಾಹಿದಾ ಚಮಚದಲ್ಲಿ ಎಳನೀರು ಕುಡಿಸುತ್ತಿದ್ದರು. ಪ್ರತಿ ಸಲವೂ ನಯಾಜ್ ಭಾಯ್ ಮೊದಲೇ ಬೆರಳೆತ್ತಿ ತೋರಿಸುವರು: ಮೂರು ಚಮಚ, ಎರಡು, ಒಂದು. ನಾನು ಕೊನೆಯ ಸಲ ಹೋದಾಗ ಎಳನೀರು ಆಗತಾನೆ ಬಂದಿತ್ತು. ಅವರು ನನ್ನ ಕಡೆ ನೋಡಿ, ಹೆಬ್ಬೆರಳಿಗೆ ತೋರುಬೆರಳನ್ನು ನಿಧಾನವಾಗಿ ಕೂಡಿಸಿ ಸೊನ್ನೆ ಮಾಡಿದರು.

"ಏನಂತಾರೆ ಅಣ್ಣ?" ಶಾಹಿದಾ ಕೇಳಿದರು.

"ಆಮೇಲೆ ಕುಡೀತಾರಂತಮ್ಮ," ಎಂದೆ.

ಶಾಹಿದಾ ಚಮಚ ಹಿಡಿದುಕೊಂಡು ಕಾಯುತ್ತ ಕುಳಿತರು.