ತುಂಬಿಯೇ ಇದ್ದ ಬಾಟಲಿ

ನಮ್ಮಪ್ಪ ಬೆಳಿಗ್ಗೆ ಎದ್ದರೆ ಮೊದಲು ಕುರಿಗಳಿಗೆ ನೀರು, ಆಮೇಲೆ ಜೀಪಿಗೆ ನೀರು, ಅದಾದ ಮೇಲೆಯೇ ತನ್ನ ಬಾಯಿಗೆ ಟೀ. ಮಂದೆ ಕುಡಿಯುವ ಮುಂಚೆ ಕಾಯುವವನು ಕುಡಿಯಬಾರದು ಅನ್ನುವುದು ಕುರಿ ಸಾಕುವ ನಮ್ಮಂಥ ಮನೆಗಳ ಕಟ್ಟು. ಯಾವುದೋ ಇಲಾಖೆ ಹರಾಜು ಹಾಕಿದ ಹಳೇ ಡೀಸೆಲ್ ಜೀಪನ್ನು ತಂದ ದಿನವೇ ಅಪ್ಪ ಅದನ್ನೂ ಮಂದೆಗೆ ಸೇರಿಸಿಕೊಂಡ. ಬಾನೆಟ್ಟು ಎತ್ತಿ, ರೇಡಿಯೇಟರಿನ ಮುಚ್ಚಳ ತಿರುವಿ, ಒಳಗೆ ಇಣುಕಿ, ಚೆಂಬಿನಲ್ಲಿ ನೀರು ಹುಯ್ಯುವನು. ಇಂಜಿನ್ನಿನ ಶಾಖ ತೋರಿಸುವ ಮುಳ್ಳು ನಾವು ಕೊಳ್ಳುವ ಮೊದಲೇ ಸತ್ತಿತ್ತು. ಎಲ್ಲೋ ಒಂದು ಕಡೆ ಸಣ್ಣಗೆ ಸೋರುತ್ತಲೂ ಇತ್ತು. ದಿನಕ್ಕೆ ಅರ್ಧ ಚೆಂಬು ಕುಡಿಯುತ್ತಿತ್ತು.

“ಕಣ್ಣಲ್ಲಿ ಕಂಡ್ ನೀರೇ ನೀರು ಕಣಮ್ಮ” ಅನ್ನುತ್ತಿದ್ದ ಅಪ್ಪ.

ದೊಡ್ಡೇರಿ ಕಡೆಯ ನಮ್ಮ ಊರಿನವರ ಕುರಿ, ಟಗರುಗಳನ್ನೆಲ್ಲ ಶಿರಾ ಸಂತೆಗೆ ಸಾಗಿಸುತ್ತಿದ್ದುದು ಅದೇ ಜೀಪು. ಅಪ್ಪನ ಗಾಡಿ ದಾರಿಯಲ್ಲಿ ನಿಲ್ಲುವುದಿಲ್ಲ, ಕುರಿ ಬಿಸಿಲಲ್ಲಿ ಸಾಯುವುದಿಲ್ಲ ಎಂಬ ಹೆಸರಿತ್ತು. ಆ ಹೆಸರೇ ನಮ್ಮ ಅನ್ನ. ನನ್ನನ್ನು ಓದಿಸಿದ್ದೂ ಅದೇ. ನಮ್ಮ ಮನೆಯಲ್ಲಿ ಡಿಗ್ರಿ ಕಂಡವರಲ್ಲಿ ನಾನೇ ಮೊದಲು, ಅದೂ ಮೆಕ್ಯಾನಿಕಲ್ ಇಂಜಿನಿಯರಿಂಗ್. ಕಾಲೇಜಿಗೆ ಸೇರಿದಾಗ ಅಪ್ಪನ ಅಕ್ಕ, ಅಂದರೆ ನಮ್ಮ ಸೋದರತ್ತೆ, ಜಗಲಿಯ ಮೇಲೆ ಕೂತು, “ಹೆಣ್ಣುಡ್ಗಿ ಗಾಡಿ ರಿಪೇರಿ ಓದಾಕೆ ಹೋಯ್ತಾ ಅವ್ಳೆ. ಓದ್ಕಂಡ್ ಬಂದು ಪಂಚರ್ ಅಂಗ್ಡಿ ಇಕ್ತಾಳಂತಾ?” ಅಂದಿದ್ದಳು. ಆ ಮಾತನ್ನು ನಾನು ನಾಲ್ಕು ವರ್ಷ ಹಾಸ್ಟೆಲಿನಲ್ಲಿ ಜೊತೆಗಿಟ್ಟುಕೊಂಡೇ ಓದಿದೆ. ಪಾಸಾದೆ, ಒಂದು ವಿಷಯವನ್ನೂ ಉಳಿಸಿಕೊಳ್ಳದೆ. ಕೆಲಸ ಮಾತ್ರ ಸಿಗಲಿಲ್ಲ.

ಹಾಗೆ ಮನೆಯಲ್ಲಿ ಕೂತಿದ್ದ ಬೇಸಿಗೆಯಲ್ಲಿ, ಸಂತೆಯಿಂದ ಬರುವಾಗ ಜೀಪು ಕುದಿಯಿತು. ಹಿಂದೆ ಎರಡು ಟಗರು ಏದುಸಿರು ಬಿಡುತ್ತಿದ್ದವೆಂದು ಅಪ್ಪ ಅವಸರಪಟ್ಟು ಮುಚ್ಚಳ ತಿರುವಿದ. ಕುದಿನೀರು ಎಗರಿ ಮುಂಗೈಯಿಂದ ಮೊಣಕೈವರೆಗೆ ಚರ್ಮ ಸುಲಿದುಹೋಯಿತು. ತಿಂಗಳುಗಟ್ಟಲೆ ಕುರಿ ಎತ್ತಲಾಗಲಿಲ್ಲ.

ಇದಕ್ಕೆ ಒಂದು ಉಪಾಯ ಇದೆ ಅಂತ ನನಗೆ ಗೊತ್ತಿತ್ತು. ನೀರು ಕಾದಾಗ ಉಬ್ಬುತ್ತದೆ. ಹಳೇ ಗಾಡಿಗಳಲ್ಲಿ ಹಾಗೆ ಉಬ್ಬಿದ್ದು ಒಂದು ಸಣ್ಣ ಪೈಪಿನಿಂದ ರಸ್ತೆಗೆ ಚೆಲ್ಲಿಹೋಗುತ್ತದೆ. ಈಗಿನ ಗಾಡಿಗಳಲ್ಲಿ ಅದನ್ನು ಹಿಡಿದಿಡಲು ಪಕ್ಕದಲ್ಲೊಂದು ಪ್ಲಾಸ್ಟಿಕ್ ಬಾಟಲಿ ಇರುತ್ತದೆ. ಇಂಜಿನ್ ಆರಿದಾಗ ರೇಡಿಯೇಟರು ಆ ನೀರನ್ನು ತಾನೇ ವಾಪಸ್ ಹೀರಿಕೊಳ್ಳುತ್ತದೆ. ಮುಚ್ಚಳಕ್ಕೆ ಕೈ ಹಾಕುವ ಪ್ರಮೇಯವೇ ಇಲ್ಲ. ಅಪ್ಪನ ಕೈ ಉಳಿಸಬೇಕು ಅನ್ನುವುದು ನಿಜವೇ. ಅತ್ತೆಯ ಕಣ್ಣೆದುರು ನನ್ನ ಓದು ಒಂದು ಕೆಲಸ ಮಾಡಿ ತೋರಿಸಬೇಕು ಅನ್ನುವುದೂ ಅಷ್ಟೇ ನಿಜ.

ಬಾಟಲಿ ತರಲು ಶಿರಾಕ್ಕೆ ಹೋದೆ. ಗ್ಯಾರೇಜಿನ ಸಾಬರು ಅಪ್ಪನಿಗೆ ಹಳೇ ಪರಿಚಯ.

“ಯಾವ್ ಗಾಡಿಗಮ್ಮಾ ಬಾಟ್ಲಿ?”

“ನಮ್ ಜೀಪಿಗೆ.”

“ಅದಕ್ಕೆ ಬಾಟ್ಲಿನೇ ಬರಲ್ವಲ್ಲ! ಗಾಡಿ ತಗೊಂಡ್ ಬರಕ್ಕೆ ಹೇಳಿ ನಿಮ್ ಅಪ್ಪಂಗೆ. ಮುಚ್ಳ ನೋಡ್ಬೇಕು ನಾನು.”

“ಬೇಡ, ನಾನೇ ಕೂರಿಸ್ತೀನಿ. ಮೆಕ್ಯಾನಿಕಲ್ ಬಿ.ಇ. ಮಾಡಿದೀನಿ.”

“ಅಚ್ಛಾ” ಅಂದರು ಸಾಬರು.

ಆ ‘ಅಚ್ಛಾ’ದಲ್ಲಿ ನನಗೆ ನಗು ಕೇಳಿಸಿತು. ನಿಜಕ್ಕೂ ಇತ್ತೋ ಇಲ್ಲವೋ, ಈಗ ಹೇಳಲಾರೆ. ಅಂಥ ನಗು ಕೇಳಿ ಕೇಳಿ ನನ್ನ ಕಿವಿಯೇ ಹಾಗಾಗಿತ್ತು. ಮುಚ್ಚಳ ಯಾಕೆ ನೋಡಬೇಕು ಅಂತ ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ.

ಅಂಗಳದಲ್ಲೇ ಕೂರಿಸಿದೆ. ಮುರಿದ ಮಂಚದ ಕಬ್ಬಿಣದ ಪಟ್ಟಿಗೆ ವೆಲ್ಡಿಂಗ್ ಅಂಗಡಿಯಲ್ಲಿ ತೂತು ಹಾಕಿಸಿ, ರೇಡಿಯೇಟರಿನ ಪಕ್ಕ ಬೋಲ್ಟು ಬಿಗಿದು, ಬಾಟಲಿ ನಿಲ್ಲಿಸಿದೆ. ರಸ್ತೆಗೆ ಚೆಲ್ಲುತ್ತಿದ್ದ ಪೈಪನ್ನು ಬಾಟಲಿಯ ತಳ ಮುಟ್ಟುವ ಹಾಗೆ ಇಳಿಬಿಟ್ಟೆ. ಇಂಜಿನ್ ತಣಿಸುವ ಹಸಿರು ಕೂಲಂಟನ್ನು ಗೆರೆಯವರೆಗೆ ತುಂಬಿದೆ. ಅಚ್ಚುಕಟ್ಟಾಗಿತ್ತು, ಅದನ್ನು ಇವತ್ತೂ ಹೇಳುತ್ತೇನೆ.

“ಏನೇ ಇದು, ಗಾಡಿಗೆ ಗ್ಲೂಕೋಸ್ ಬಾಟ್ಲಿ ಏರ್ಸಿದೀಯಾ?” ಅಂದಳು ಅತ್ತೆ.

“ನಗ್ಬ್ಯಾಡ ಕಣಕ್ಕಾ, ಇಂಜಿನಿಯರು ಕೂರ್ಸಿರೋದು!” ಅಂದ ಅಪ್ಪ, ಬೀದಿಗೆಲ್ಲ ಕೇಳುವ ಹಾಗೆ.

ನಾನು ಅಪ್ಪನಿಗೆ ಹೇಳಿಕೊಟ್ಟೆ: “ಇನ್ಮೇಲೆ ಮುಚ್ಚಳ ಮುಟ್ಟಂಗಿಲ್ಲ. ಬಾಟ್ಲಿ ನೋಡು, ಅಷ್ಟೆ. ಈ ಗೆರೆಯಿಂದ ಕೆಳಕ್ ಇಳಿದ್ರೆ ನಂಗ್ ಹೇಳು.”

“ಒಳ್ಗಡೆ ನೋಡೋದೇ ಬ್ಯಾಡ್ವಾ?”

“ಬ್ಯಾಡ.”

“ಬೆಳಿಗ್ಗೆ ತಣ್ಣಗಿರ್ತೈತಲ್ಲ, ಒಂದ್ ದಪ ಇಣುಕ್ಬುಟ್ಟು...”

“ಅಪ್ಪಾ, ನನ್ ಓದಿನ್ ಮೇಲೆ ನಂಬ್ಕೆ ಇಲ್ವಾ ನಿಂಗೆ?”

ಅಪ್ಪ ಒಳಗೆ ಹೋಗಿ ಚೆಂಬನ್ನು ಅಮ್ಮನ ಕೈಗೆ ಕೊಟ್ಟ. ಮಾರನೇ ದಿನದಿಂದ ಕುರಿಗೆ ನೀರಿಟ್ಟು ಬಂದು, ಬಾನೆಟ್ಟು ಎತ್ತಿ, ಕೈ ಹಿಂದೆ ಕಟ್ಟಿಕೊಂಡು ಸ್ವಲ್ಪ ಹೊತ್ತು ನಿಲ್ಲುತ್ತಿದ್ದ. ಬಾಟಲಿ ನೋಡಿ ಮುಚ್ಚುತ್ತಿದ್ದ.

ಕೆಲವು ದಿನ ಕಳೆದ ಮೇಲೆ ಹೇಳಿದ: “ಮೊದ್ಲು ಒಂದ್ ಬೆಟ್ಟಿನಷ್ಟು ನೀರು ಮೇಲಕ್ ಏರ್ತು ಕಣಮ್ಮ. ಈಗ ಬೆಳಿಗ್ಗೆನೂ ಅಲ್ಲೇ, ಸಂಜೆನೂ ಅಲ್ಲೇ. ಅಲ್ಲಾಡೋದೇ ಇಲ್ಲ.”

“ಅಂದ್ರೆ ಒಂದ್ ಹನಿನೂ ಪೋಲಾಗ್ತಿಲ್ಲ ಅಂತ” ಅಂದೆ ನಾನು.

ಅಲ್ಲಾಡಬೇಕಿತ್ತು. ಗಾಡಿ ಕಾದಾಗ ಏರಬೇಕು, ಆರಿದಾಗ ಇಳಿಯಬೇಕು. ಪರೀಕ್ಷೆಯಲ್ಲಿ ಇದರ ಚಿತ್ರ ಬರೆದು, ಬಾಣದ ಗುರುತು ಹಾಕಿ, ಪೂರ್ತಿ ಅಂಕ ತಗೊಂಡವಳು ನಾನು. ಓದದ ಮನುಷ್ಯ ಕಣ್ಣಿಂದ ಹಿಡಿದು ತಂದುಕೊಟ್ಟ ಸುಳಿವನ್ನು ಓದಿದವಳು ಬಾಯಿಂದ ಹೊಡೆದು ಹಾಕಿದೆ.

ಪಾವಗಡದ ಖಾಸಗಿ ಪಾಲಿಟೆಕ್ನಿಕ್ ಒಂದರಲ್ಲಿ ಅತಿಥಿ ಉಪನ್ಯಾಸಕರ ಸಂದರ್ಶನಕ್ಕೆ ಕರೆ ಬಂತು. ಅಪ್ಪನಿಗೂ ಆ ಕಡೆಗೇ ಎಂಟು ಟಗರಿನ ಬಾಡಿಗೆ ಸಿಕ್ಕಿತು. ನಾನು ಮುಂದಿನ ಸೀಟಿನಲ್ಲಿ, ತೊಡೆಯ ಮೇಲೆ ಸರ್ಟಿಫಿಕೇಟುಗಳ ಫೈಲು. ಬಂಡೆಗುಡ್ಡಗಳ ನಡುವಿನ ಏರಿನಲ್ಲಿ ಕಾದ ಬಾಣಲೆಯ ವಾಸನೆ ಬಂತು.

“ವಾಸ್ನೆ ಬತ್ತೈತಾ ಮಗಾ? ನಿಲ್ಲುಸ್ಲಾ?”

“ಮುಂದೆ ಹೋದ ಲಾರೀದಿರ್ಬೇಕು. ಬಾಟ್ಲಿ ತುಂಬೈತೆ ತಾನೆ?”

“ತುಂಬೈತೆ.”

“ಹೊತ್ತಾಗುತ್ತೆ, ನಡಿ.”

ಮುಂದಿನ ತಿರುವಿನಲ್ಲಿ ಇಂಜಿನ್ ಒಂದು ಸಲ ನರಳಿ, ಹಿಡಿದುಕೊಂಡು, ನಿಂತೇಹೋಯಿತು. ಬಾನೆಟ್ಟು ಎತ್ತಿದರೆ ಬಾಟಲಿಯಲ್ಲಿ ಹಸಿರು ನೀರು ಗೆರೆಗಿಂತ ಮೇಲೇ ಇದೆ. ಅಪ್ಪ ಗೋಣಿಚೀಲ ಒದ್ದೆ ಮಾಡಿ ಮುಚ್ಚಳಕ್ಕೆ ಹಾಕಿ ತಿರುವಿದ. ನಾವಿಬ್ಬರೂ ಮುಖ ತಿರುಗಿಸಿಕೊಂಡೆವು. ಬುಸ್ಸೆನ್ನಲಿಲ್ಲ, ಹಬೆ ಬರಲಿಲ್ಲ. ಒಳಗೆ ಏನೂ ಇರಲಿಲ್ಲ.

“ಬಾಟ್ಲಿ ತುಂಬೈತಲ್ಲ ಮಗಾ?” ಅಂದ ಅಪ್ಪ. ಬೈಯುವ ದನಿಯಲ್ಲ. ಪಾಠ ಅರ್ಥವಾಗದವನು ಮೇಷ್ಟ್ರನ್ನು ಕೇಳುವ ದನಿ.

ಹಿಂದಿನಿಂದ ಬಂದ, ತೆಲುಗು ಬೆರೆಸಿ ಮಾತಾಡುವ ಲಗೇಜ್ ಆಟೋದವನು ಇಳಿದು ಇಣುಕಿ ನೋಡಿದ. “ಏಮಯ್ಯಾ, ನೀಳ್ಳು ಪೊಯ್ಯಲೇದಾ? ಬಂಡಿಗೆ ನೀರು ಹುಯ್ಯಾದು ಬ್ಯಾಡ್ವಾ? ಇಷ್ಟ್ ವಯಸ್ಸಾಗೈತೆ!”

“ಮರ್ತ್‌ಬುಟ್ಟೆ ಕಣಪ್ಪಾ” ಅಂದ ಅಪ್ಪ.

ನಿಜ ಹೇಳಲು ನಾನು ಬಾಯಿ ತೆರೆದಿದ್ದೆ. ಅಪ್ಪ ನನ್ನ ಕಡೆ ನೋಡದೆ, “ನೀನ್ ಇವ್ರ್ ಆಟೋ ಹತ್ತು, ಹೊತ್ತಾಯ್ತದೆ” ಅಂದ.

ಹತ್ತಿದೆ. ಆಟೋ ಹೊರಟಾಗ ತಿರುಗಿ ನೋಡಿದರೆ, ಅಪ್ಪ ಟಗರುಗಳನ್ನು ಹೊಂಗೆ ನೆರಳಿಗೆ ಇಳಿಸಿ, ನಮ್ಮ ಕುಡಿಯುವ ನೀರಿನ ಕ್ಯಾನಿನಿಂದ ಬೊಗಸೆಗೆ ಬಗ್ಗಿಸಿಕೊಂಡು ಒಂದೊಂದಕ್ಕೇ ಕುಡಿಸುತ್ತಿದ್ದ. ಸುಟ್ಟ ಕೈಯ ಕಲೆ ದೂರಕ್ಕೂ ಕಾಣುತ್ತಿತ್ತು.

ಸಂದರ್ಶನದಲ್ಲಿ, “ಪ್ರಾಕ್ಟಿಕಲ್ ಅನುಭವ ಏನಾದ್ರೂ ಇದೆಯೇನಮ್ಮ?” ಅಂತ ಕೇಳಿದರು.

“ಇದೆ ಸರ್. ಹಳೇ ಜೀಪಿಗೆ ನಾನೇ ಕೂಲಂಟ್ ಟ್ಯಾಂಕ್ ಕೂರಿಸಿದ್ದೀನಿ.”

“ಭೇಷ್” ಅಂದರು. ಕೆಲಸ ಸಿಕ್ಕಿತು.

ಜೀಪನ್ನು ಶಿರಾಕ್ಕೆ ಎಳೆಸಿಕೊಂಡು ಹೋದೆವು. ಸಾಬರು ಇಂಜಿನ್ ಬಿಚ್ಚಿ, ಹೆಡ್ಡು ಬಿರುಕು ಬಿಟ್ಟಿರುವುದನ್ನೂ ಪಿಸ್ಟನ್ನು ಕಚ್ಚಿಕೊಂಡಿರುವುದನ್ನೂ ತೋರಿಸಿದರು. ಆಮೇಲೆ ಮುಚ್ಚಳವನ್ನು ಅಂಗೈಯಲ್ಲಿ ತಿರುಗಿಸಿ ನೋಡಿದರು. “ಭಾಯಿ, ಇದು ಹಳೇ ಮುಚ್ಳ. ಅಡಿಗ್ ಒಂದೇ ರಬ್ಬರ್ ಐತೆ. ಬಾಟ್ಲಿ ಇಟ್ರೆ ಮೇಲ್ಗಡೆ ಇನ್ನೊಂದ್ ರಬ್ಬರ್ ಇರೋ ಮುಚ್ಳ ಬೇಕು. ಇಲ್ಲಾಂದ್ರೆ ಆರಿದಾಗ ಬಾಟ್ಲಿ ನೀರ್ ಎಳ್ಯಲ್ಲ, ಮುಚ್ಳದ್ ಸಂದಿಂದ ಗಾಳಿ ಎಳೀತದೆ. ಬಾಟ್ಲಿ ತುಂಬೇ ಇರ್ತದೆ, ಒಳಗೆ ಖಾಲಿ ಆಗ್ತಾ ಹೋಗ್ತದೆ. ಯಾರು ಕೂರ್ಸಿದ್ದು ಇದನ್ನ?”

“ನಾನೇ” ಅಂದ ಅಪ್ಪ.

ಸಾಬರು ನನ್ನನ್ನು ನೋಡಿದರು. “ಅಚ್ಛಾ” ಅಂದರು. ಈ ಸಲ ಅದರಲ್ಲಿ ನಗು ಇರಲಿಲ್ಲ.

ಜೀಪು ಗುಜರಿಗೆ ಹೋಯಿತು. ಅದರ ಜೊತೆ ಅಪ್ಪನ ಹೆಸರೂ. ಊರಲ್ಲಿ, “ಪಾಪ, ವಯಸ್ಸಾಯ್ತು, ನೀರು ಹುಯ್ಯೋದ್ನೇ ಮರ್ತವ್ನೆ” ಅಂದರು. ಅತ್ತೆ ಕೂಡ, “ಮಗ್ಳು ಅಷ್ಟ್ ಚೆಂದಾಗಿ ಬಾಟ್ಲಿ ಕೂರ್ಸ್ಕೊಟ್ಳು, ಇವ್ನು ಉಳ್ಸ್ಕಳ್ಳಿಲ್ಲ” ಅಂದಳು. ಅವಳ ಬಾಯಿಂದ ನನ್ನ ಓದಿಗೆ ಸಿಕ್ಕ ಮೊದಲ ಹೊಗಳಿಕೆ ಅದು. ಅದು ಹೇಗೆ ಸುಟ್ಟಿತು ಅನ್ನುವುದನ್ನು ಬರೆಯಲು ನನಗೆ ಬರುವುದಿಲ್ಲ.

ಒಂದು ದಿನ ಅಪ್ಪನಿಗೆ, “ನಾನ್ ಎಲ್ಲಾರ್ಗೂ ಹೇಳ್ಬುಡ್ತೀನಿ” ಅಂದೆ.

“ಸುಮ್ಕಿರು. ನಾನ್ ಮರ್ತೆ ಅಂದ್ರೆ ಒಂದ್ ಜೀಪ್ ಹೋಯ್ತು. ನೀನ್ ತಪ್ ಮಾಡ್ದೆ ಅಂದ್ರೆ ಓದೇ ಹೋಯ್ತದೆ. ಆ ಕೆಳಗಿನ್ ಬೀದಿಯೋರು ಮಗ್ಳುನ್ನ ಕಾಲೇಜಿಗೆ ಹಾಕ್ಲಾ ಅಂತ ನನ್ ಕೇಳ್ತಾ ಅವ್ರೆ.”

ಆ ಮಾತನ್ನು ಹಿಡಿದುಕೊಂಡು ಸುಮ್ಮನಾದೆ. ಆ ಹುಡುಗಿಯ ಸಲುವಾಗಿ ಸುಮ್ಮನಿದ್ದೇನೆ ಅಂತ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಸುಳ್ಳು. ಇನ್ನೊಂದು ಸಲ ಆ ನಗು ಕೇಳುವ ಧೈರ್ಯ ನನಗಿಲ್ಲ, ಅಷ್ಟೆ.

ಅಪ್ಪ ಈಗ ಕಡಲೆಕಾಯಿ ವ್ಯಾಪಾರಿಯೊಬ್ಬರ ಗೂಡ್ಸ್ ಗಾಡಿ ಓಡಿಸುತ್ತಾನೆ. ಗಾಡಿ ನಿಲ್ಲುವುದು ಬಸ್ ಸ್ಟಾಪಿನ ಎದುರಿಗೇ. ಹೋದ ವಾರ ನಾನು ಪಾವಗಡದ ಬಸ್ಸಿಗೆ ಕಾಯುತ್ತಿದ್ದಾಗ ಮಾಲೀಕರು ಬಂದರು. ಅಪ್ಪನಿಗಿಂತ ಹದಿನೈದು ವರ್ಷಕ್ಕೆ ಚಿಕ್ಕವರು.

“ಏನಯ್ಯಾ, ನೀರು ನೋಡ್ದಾ? ನೀನು ಮರೆಯೋ ಗಿರಾಕಿ!”

ಟೀ ಅಂಗಡಿಯ ಮುಂದೆ ನಿಂತಿದ್ದ ಇಬ್ಬರು ನಕ್ಕರು. ಅಪ್ಪನೂ ಅವರ ಜೊತೆ ನಕ್ಕ.

“ನೋಡ್ದೆ ಸಾಮಿ” ಅಂದ. ಅಂದು, ಅವರ ಕಣ್ಣೆದುರು ಇನ್ನೊಂದು ಸಲ ಗಾಡಿ ತೆರೆದು ತೋರಿಸಿದ.

ನಾನು ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ಅವತ್ತಿನ ಪಾಠ ಇಂಜಿನ್ನಿನ ಕೂಲಿಂಗ್. ಹುಡುಗರಿಗೆ ತೋರಿಸಲು ಎರಡು ಮುಚ್ಚಳಗಳನ್ನು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ, ಒಂದು ರಬ್ಬರಿನದೊಂದು, ಎರಡು ರಬ್ಬರಿನದೊಂದು. ಬಸ್ಸು ಬಂತು. ಹತ್ತಿದೆ.