ಸೊಸೆಗೆ ಇಳಿಯದ ಶ್ರುತಿ

ಹೋದ ಭಾನುವಾರ ಗೋಕಾಕದ ಕಲ್ಯಾಣ ಮಂಟಪವೊಂದರಲ್ಲಿ ಒಬ್ಬ ಕೀಬೋರ್ಡ್ ಮಾಸ್ತರನ ಕಪಾಳಕ್ಕೆ ಬಿಡಬೇಕು ಅನ್ನಿಸಿತು. ಬಿಡಲಿಲ್ಲ. (ಬೀಗರ ಕಾರ್ಯ. ಕೈ ಕಟ್ಟಿ ಕೂತೆ.) ಆ ಸಿಟ್ಟನ್ನು ಇಲ್ಲಿ ಕಾರಿಕೊಳ್ಳುತ್ತಿದ್ದೇನೆ, ಸಹಿಸಿಕೊಳ್ಳಿ.

ಹುಕ್ಕೇರಿಗೆ ಕೊಟ್ಟ ನನ್ನ ತಂಗಿ ಪದ್ಮಾಳ ಮೈದುನನ ಮದುವೆ. ಪದ್ಮಾ ತವರಿನಲ್ಲಿದ್ದಾಗ ವರ್ಷಗಟ್ಟಲೆ ಹಿಂದೂಸ್ತಾನಿ ಕಲಿತವಳು. ಮನೆಯಲ್ಲೇ ಮಕ್ಕಳಿಗೆ ಸಂಗೀತದ ಕ್ಲಾಸ್ ನಡೆಸಬೇಕೆಂಬುದು ಅವಳ ಆಸೆ. ಅವಳ ಮಾವನವರು ಶರತ್ತು ಹಾಕಿದ್ದರು: ರಿಸೆಪ್ಶನ್ನಿನಲ್ಲಿ ಒಂದು ಹಾಡು ಹಾಡಲಿ, ಮಂದಿ ಮೆಚ್ಚಿದರೆ ಕ್ಲಾಸು.

ಈಗಿನ ಆರ್ಕೆಸ್ಟ್ರಾ ನಿಮಗೆ ಗೊತ್ತಲ್ಲ? ತಬಲಾದವನೂ ಇಲ್ಲ, ಕೊಳಲಿನವನೂ ಇಲ್ಲ. ಮಾಸ್ತರ ಎಲ್ಲ ವಾದ್ಯಗಳನ್ನೂ ಮೊದಲೇ ಸೀಕ್ವೆನ್ಸರಿನಲ್ಲಿ ತುಂಬಿಸಿಕೊಂಡು ಬರುತ್ತಾನೆ. ಬಟನ್ ಒತ್ತಿದರೆ ಮಷೀನು ತಾನೇ ಬಾರಿಸುತ್ತದೆ. ಪದ್ಮಾ ಹಾಡಬೇಕಿದ್ದ ಹಾಡನ್ನು ಅವನು ತುಂಬಿಸಿದ್ದು ಗಂಡಸರ ಶ್ರುತಿಗೆ, ಕರಿ ಒಂದಕ್ಕೆ. ಪದ್ಮಾಳದು ಕರಿ ನಾಲ್ಕು. (ಹಾರ್ಮೋನಿಯಂನ ಕರಿ ಮನೆಗಳ ಲೆಕ್ಕ.) ಗಂಡಸರ ಕರಿ ಒಂದನ್ನು ಹೆಂಗಸರು ಮೇಲಿನ ಸಪ್ತಕದಲ್ಲಿ ಹಿಡಿಯಬೇಕು; ಅವಳ ಕಂಠಕ್ಕೆ ಅದು ತೀರಾ ಎತ್ತರ.

ಮಧ್ಯಾಹ್ನ ತಾಲೀಮಿನಲ್ಲಿ ಇಳಿಸಿ ಕೊಡಿ ಎಂದು ಕೇಳಿದಳು. ಮಾಸ್ತರ ಇಡೀ ಹಾಡನ್ನು ಒಮ್ಮೆಲೇ ಇಳಿಸಿದ. ಏನಾಯಿತು? ಡೋಲಕ ಬರಬೇಕಾದಲ್ಲಿ ಗಂಟೆ, ಚಪ್ಪಾಳೆ, ಇನ್ನೇನೇನೋ! ಆ ಮಷೀನಿನಲ್ಲಿ ಒಂದೊಂದು ಸ್ವರದ ಮನೆಗೆ ಡೋಲಕದ ಒಂದೊಂದು ಪೆಟ್ಟು ಇಟ್ಟಿರುತ್ತಾರಂತೆ. ಸ್ವರ ಸರಿಸಿದರೆ ಪೆಟ್ಟೂ ಬದಲು. ನೆರೆದವರೆಲ್ಲ ಬಿದ್ದು ಬಿದ್ದು ನಕ್ಕರು.

“ಡೋಲಕ ಇದ್ದಲ್ಲೇ ಬಿಡ್ರಿ. ಉಳಿದಿದ್ದಷ್ಟ ಇಳಸ್ರಿ,” ಎಂದಳು ಪದ್ಮಾ.

ನಕ್ಕವರ ಮೇಲಿನ ಸಿಟ್ಟನ್ನು ಮಾಸ್ತರ ಅವಳ ಮೇಲೆ ತೀರಿಸಿಕೊಂಡ. “ಮಷೀನ್ ಕೇಳಂಗಿಲ್ರಿ ಅಕ್ಕಾರ. ನೀವ ಸ್ವಲ್ಪ ಏರಿಸಿ ಹಾಡ್ರಿ.”

ಮಷೀನು ಬಗ್ಗುವುದಿಲ್ಲ, ಮನುಷ್ಯರು ಬಗ್ಗಬೇಕು. ಎಲ್ಲಿಯ ನ್ಯಾಯ ಇದು?

ಸಂಜೆ ಪದ್ಮಾ ಹಾಡಿದಳು. ಮೊದಲ ಸಾಲು ಹೇಗೋ ದಾಟಿತು. ಮೇಲಿನ ಸಾ ಮುಟ್ಟಲು ಹೋಗಿದ್ದೇ ತಡ, ದನಿ ಒಡೆಯಿತು. ಹಿಂದಿನಿಂದ ಯಾವನೋ ಸೀಟಿ ಹೊಡೆದ. ಮಷೀನಿಗೇನು? ಅದು ತನ್ನ ಪಾಡಿಗೆ ಬಾರಿಸುತ್ತಲೇ ಇತ್ತು.

ಅವಳು ಕೆಳಗಿಳಿಯುತ್ತಲೇ ಮಾವನವರ ಗೆಳೆಯರೊಬ್ಬರು, ಸಂಕೇಶ್ವರದ ವ್ಯಾಪಾರಿ, ಮೈಕ್ ಹಿಡಿದರು. ನಾನೂ ಅದೇ ಹಾಡುತ್ತೇನೆ ಎಂದರು. ಒಂದು ಸಾಲಿಗೇ ಉಸಿರು ಕಟ್ಟಿ, ಇಳಿಸಪ್ಪಾ ಎಂದರು. ಮಾಸ್ತರ ಇಳಿಸಿದ. ಡೋಲಕ ಬಿಟ್ಟು ಉಳಿದದ್ದನ್ನು! ಥೇಟ್ ಪದ್ಮಾ ಹೇಳಿದ ಹಾಗೆ. ಎಲೆಗೆ ಸುಣ್ಣ ಹಚ್ಚುವಷ್ಟು ಹೊತ್ತೂ ಹಿಡಿಯಲಿಲ್ಲ.

ಎದ್ದು ಹೋಗಿ ಮಾಸ್ತರನನ್ನು ಕೇಳಿದೆ, ಇದನ್ನು ಮಧ್ಯಾಹ್ನವೇ ಯಾಕೆ ಮಾಡಲಿಲ್ಲ?

“ಅವರು ದೊಡ್ಡ ಮಂದಿರಿ,” ಎಂದ. “ಹೆಣ್ಮಕ್ಕಳ ಮಾತ ಕೇಳಿ ಮಷೀನ್ ಮುಟ್ಟಿದ್ರ ನಮ್ಮ ಕಿಮ್ಮತ್ ಏನ ಉಳೀತೈತ್ರಿ?”

ಕಿಮ್ಮತ್ತಂತೆ, ಕಿಮ್ಮತ್ತು! ಮೈಯೆಲ್ಲ ಉರಿದುಹೋಯಿತು.

ತಪ್ಪು ಕಂಠದ್ದಲ್ಲ, ಶ್ರುತಿಯದು ಎಂದು ಮಾವನವರಿಗೆ ಬಿಡಿಸಿ ಹೇಳಿದೆ. ಅವರು ತಣ್ಣಗೆ ಕೇಳಿಸಿಕೊಂಡರು. “ಮಂದಿ ಎಲ್ಲಾ ಕೇಳ್ಯಾರಲ್ರಿ. ಇನ್ನ ಕ್ಲಾಸ್ ಗೀಸ್ ಏನೂ ಬ್ಯಾಡ.” ಪಕ್ಕದಲ್ಲೇ ನಿಂತಿದ್ದ ಪದ್ಮಾ ಪಂಕ್ತಿಗೆ ಬಡಿಸಲು ಹೋದಳು.

ಆಮೇಲೆ ಅದೇ ವೇದಿಕೆಯ ಮೇಲೆ ಮಾಸ್ತರನಿಗೆ ಟೋಪಿ, ಟವೆಲ್ಲು, ತೆಂಗಿನಕಾಯಿ ಕೊಟ್ಟು ಸತ್ಕಾರ ಮಾಡಿದರು. ಮಂದಿ ಚಪ್ಪಾಳೆ ತಟ್ಟಿದರು.

ಈಗ ನೀವೇ ಹೇಳಿ, ಅಪಸ್ವರ ಯಾರದು?