ತಗಡಿನ ತೂತು

ಇಳಕಲ್, ಎಂಬತ್ತರ ಫೆಬ್ರವರಿ, ಮಧ್ಯಾಹ್ನ. ಗುಡೂರಿನ ಬಯಲಿನಲ್ಲಿ ಕಾಲೇಜಿನ ಗೆಳತಿಯರು ದುರ್ಬೀನು ಹೂಡಿಕೊಂಡು ನನಗಾಗಿ ಕಾಯುತ್ತಿದ್ದಾರೆ. ಸೂರ್ಯಗ್ರಹಣ ಮುಗಿಯುವ ತನಕ ಬಸ್ಸು ಹೊರಡುವುದಿಲ್ಲವೆಂದು ಡ್ರೈವರ್ ಇಳಿದೇ ಹೋದ. ಬೀದಿಯಲ್ಲಿ ನರಪಿಳ್ಳೆಯೂ ಇಲ್ಲ. ಕಪ್ಪು ಫಿಲ್ಮಿನ ತುಂಡು ಹಿಡಿದು ನಿಂತಿದ್ದ ನನ್ನನ್ನು ನೇಕಾರರ ಮನೆಯ ಹಿರಿಯಾಕೆಯೊಬ್ಬಳು ಕೈಹಿಡಿದು ಒಳಗೆಳೆದಳು.

"ಹೊರಗ ನಿಂದರಬ್ಯಾಡ ತಂಗಿ, ಕಣ್ಣ ಹೋಗ್ತಾವ."

ಬಾಗಿಲು ಮುಚ್ಚಿತು. ಮಗ್ಗ ಸುಮ್ಮನಿತ್ತು. ಅದರ ಪಕ್ಕದಲ್ಲಿ ತುಂಬು ಬಸುರಿ ಸೊಸೆ ಕೈಕಾಲು ಮಡಚದೆ ಅಂಗಾತ ಮಲಗಿದ್ದಳು. ಅವಳಿಗೆ ಗ್ರಹಣದ ಬೆಳಕು ಸೋಕಬಾರದೆಂದು ಮಾಳಿಗೆಯ ಬೆಳಕಿಂಡಿಗೂ ತಗಡು ಮುಚ್ಚಿದ್ದರು. ಆ ತಗಡಿನಲ್ಲೊಂದು ಮೊಳೆಯ ತೂತು. ಅದರಿಂದ ಇಳಿದ ಬೆಳಕು ಸರಿಯಾಗಿ ಅವಳ ಹೊಟ್ಟೆಯ ಮೇಲೆಯೇ ಬಿದ್ದಿತ್ತು. ದುಂಡಗಲ್ಲ, ಕಚ್ಚಿಟ್ಟ ರೊಟ್ಟಿಯ ಹಾಗೆ.

"ನೋಡ್ರಿ, ಇದ ಗ್ರಹಣ ಹಿಡಿದ ಸೂರ್ಯ!" ಎಂದು ಕೂಗಿಬಿಟ್ಟೆ. ಮರುಕ್ಷಣ, ಯಾಕಾದರೂ ಹೇಳಿದೆನೋ ಅನ್ನಿಸಿತು.

ಅತ್ತೆ ಹೌಹಾರಿದಳು. "ಎಲ್ಲಾ ಮುಚ್ಚೇನಲ್ಲ ತಂಗಿ! ಹೆಂಗ ಬಂತಿದು?"

ಮುಚ್ಚಿದ್ದರಿಂದಲೇ ಬಂತು, ಕತ್ತಲಲ್ಲಿ ಸಣ್ಣ ತೂತೇ ಸೂರ್ಯನ ಬಿಂಬ ಮೂಡಿಸುತ್ತದೆ ಎಂದು ಯಾವ ಬಾಯಲ್ಲಿ ಹೇಳಲಿ?

"ಏನೂ ಆಗಂಗಿಲ್ಲರಿ," ಎಂದೆ.

"ಹಂಗಂದ್ರ ಈಕಿ ಗ್ರಹಣ ನೋಡಿದಂಗಾತೋ, ಇಲ್ಲೋ?"

ಅದು ನನಗೂ ತಿಳಿಯಲಿಲ್ಲ. ಸೂರ್ಯನ ಕಡೆ ಯಾರೂ ತಲೆ ಎತ್ತಿರಲಿಲ್ಲ. ಸೂರ್ಯನೋ ಮನೆಯೊಳಗೇ ಇದ್ದ. ಉತ್ತರಕ್ಕೆ ಕಾಯದೆ ಅತ್ತೆ ಅರಿವೆಯ ತುಂಡು ಹಿಡಿದು ತೂತು ಮುಚ್ಚಲು ಏಣಿ ಹತ್ತಿದಳು.

ಅಲುಗಬಾರದ ಸೊಸೆ ಕೈ ಎತ್ತಿ ಆ ಬೆಳಕನ್ನು ಅಂಗೈಯಲ್ಲಿ ಹಿಡಿದಳು.

"ತಡೀರಿ ಅತ್ತಿ," ಎಂದಳು. "ಸೂರ್ಯ ಇನ್ನೊಂದೀಟು ಸಣ್ಣಾಗ್ಲಿ."